ನಕ್ಕ ಮೇಲೆ ನಿಜ ಹೇಳಿ

ಬೇಸ್ ಗಿಟಾರ್ ಕಲಿಯುವವರ ಕಿವಿಗೆ ಬೀಳುವ ತಮಾಷೆಯ ಸಲಹೆಗಳಲ್ಲಿ ಯಾವುದು ಸುಳ್ಳು, ಯಾವುದು ನಿಜ, ಯಾವುದು ಪ್ರಾಣಕ್ಕೇ ಕುತ್ತು?

ಕಳೆದ ಬೇಸಿಗೆಯಲ್ಲಿ ಚಾಮರಾಜನಗರ ಸೀಮೆಯ ಹರವೆಗೆ ಹೋಗಿದ್ದಾಗ ಅಕ್ಕನ ಮಗ ಜಗಲಿಯ ಮೇಲೆ ಒಂದು ಬೇಸ್ ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದ. ಮೈಸೂರಿನಲ್ಲಿ ಓದುವ ಹುಡುಗ. ಕೂಡಿಟ್ಟ ದುಡ್ಡಿನಲ್ಲಿ ಯಾರೋ ನುಡಿಸಿ ಬಿಟ್ಟ ವಾದ್ಯವನ್ನು ಕೊಂಡು ತಂದಿದ್ದ. ಗಣೇಶನ ಹಬ್ಬದ ರಸಮಂಜರಿಯಲ್ಲಿ ಗೆಳೆಯರ ಜೊತೆ ವೇದಿಕೆ ಹತ್ತಬೇಕೆಂಬ ಆಸೆ ಅವನದು.

‘ಮಾವ, ತಂತಿ ಮೀಟುದ್ರ ಗರ್ ಅಂತದ. ವಸಿ ನೋಡು’ ಅಂದ.

ಕೈಗೆ ತೆಗೆದುಕೊಂಡು, ಬಂದೂಕಿನ ಗುರಿ ಹಿಡಿದವರ ಹಾಗೆ ಒಂದು ಕಣ್ಣು ಮುಚ್ಚಿ ಅದರ ಕತ್ತಿನ ಉದ್ದಕ್ಕೂ ನೋಡಿದೆ. ಕತ್ತು ಹಿಂದಕ್ಕೆ ಬಾಗಿಹೋಗಿತ್ತು. ತಲೆಯ ಕಡೆಯ ಮೊದಲ ನಾಲ್ಕೈದು ಮನೆಗಳಲ್ಲಿ ತಂತಿಗಳು ಲೋಹದ ಮೆಟ್ಟುಗಳ ಮೇಲೆಯೇ ಮಲಗಿದ್ದವು. ಬೆರಳು ಆಡಿಸುವ ಹಲಗೆಯಿಂದ ಕೊಬ್ಬರಿ ಎಣ್ಣೆಯ ಕಮಟು ವಾಸನೆ ಬರುತ್ತಿತ್ತು.

‘ಏನ್ಲಾ ಮಾಡ್ದೆ ಇದ್ಕ?’

ಗೆಳೆಯರು ಹೇಳಿದ್ದನ್ನೇ ಮಾಡಿದ್ದ. ಗರ್ ಎಂದರೆ ಕತ್ತಿನ ಒಳಗಿನ ಕಂಬಿಯನ್ನು ಬಿಗಿ ಮಾಡು, ಎರಡು ಸುತ್ತು ಸಾಲದಿದ್ದರೆ ನಾಲ್ಕು ಸುತ್ತು ತಿರುಗಿಸು. ಹಲಗೆಗೆ ಕೊಬ್ಬರಿ ಎಣ್ಣೆ ಉಜ್ಜು, ಬೆರಳು ತಾನಾಗಿ ಜಾರುತ್ತದೆ. ಹೇಳಿದವರು ನಗುವುದಕ್ಕೆ ಹೇಳಿದ್ದರು. ಇವನು ನಂಬಿ ಮಾಡಿದ. ಹುಡುಗ ದಡ್ಡನಲ್ಲ. ತನಗಿಂತ ಮುಂಚೆ ಕಲಿತವರ ಮಾತನ್ನು ನಂಬಿದ, ಅಷ್ಟೆ. ಕಲಿಯುವವನು ನಂಬದೆ ಇನ್ನೇನು ಮಾಡಿಯಾನು?

ಆ ವಾದ್ಯವನ್ನು ಸರಿಮಾಡಲು ನನಗೆ ಎರಡು ದಿನ ಹಿಡಿಯಿತು. ಬೇಸ್ ನುಡಿಸುವವರ ನಡುವೆ ಓಡಾಡುವ ಇಂಥ ಸಲಹೆಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು ಅನ್ನಿಸಿದ್ದು ಆ ಎರಡು ದಿನಗಳಲ್ಲಿ.

ಯಾರಿಗೂ ಬೇಡವಾದ ವಾದ್ಯ

ಬೇಸ್ ಗಿಟಾರಿನ ಮೇಲೆ ಇಷ್ಟೊಂದು ತಮಾಷೆ ಏಕೆ? ಅದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಬಿದ್ದರೂ ಗಮನಕ್ಕೆ ಬರುವುದಿಲ್ಲ. ಹಾಡುಗಾರನ ದನಿ, ಕೀಬೋರ್ಡಿನ ಮೆರುಗು, ಡ್ರಮ್ಮಿನ ಪೆಟ್ಟು ಎಲ್ಲರಿಗೂ ತಿಳಿಯುತ್ತವೆ. ಬೇಸ್ ನಿಂತುಹೋದಾಗ ಮಾತ್ರ ಏನೋ ಕಳೆದುಹೋಯಿತು ಅನ್ನಿಸುತ್ತದೆ. ಅದಕ್ಕೇ ‘ಗಿಟಾರ್ ಬಾರದವನಿಗೆ ಬೇಸ್ ಕೊಡಿ’, ‘ಅವನಿಗೆ ಒಂದು ತಂತಿ ಸಾಕು’, ‘ಪ್ಲಗ್ ಹಾಕದಿದ್ದರೂ ಯಾರಿಗೂ ಗೊತ್ತಾಗಲ್ಲ’ ಎಂಬ ಮಾತುಗಳು ಪ್ರತಿ ವಾದ್ಯಗೋಷ್ಠಿಯಲ್ಲೂ ಇವೆ. ಜಗತ್ತಿನ ಅತಿ ಹೆಸರಾಂತ ತಂಡದಲ್ಲೂ ಹೀಗೇ ಆಯಿತು. 1961ರಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ಬೀಟಲ್ಸ್ ತಂಡವನ್ನು ಬಿಟ್ಟಾಗ ಬೇಸ್ ಹಿಡಿಯಲು ಬೇರೆ ಯಾರೂ ಮುಂದೆ ಬರಲಿಲ್ಲ, ಆ ಕೆಲಸ ಪಾಲ್ ಮೆಕಾರ್ಟ್ನಿ ಪಾಲಿಗೆ ಬಂತು. ಆಮೇಲೆ ಅವರು ಅದರಲ್ಲಿ ಮಾಡಿದ್ದನ್ನು ಇವತ್ತಿಗೂ ಜನ ಕೂತು ಕಲಿಯುತ್ತಿದ್ದಾರೆ.

ವಾದ್ಯವೇನೂ ಬಹಳ ಹಳೆಯದಲ್ಲ. 1930ರ ದಶಕದಲ್ಲೇ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಎಂಬವರು ಗಿಟಾರಿನಂತೆ ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸನ್ನು ಮಾಡಿದ್ದರು. ಅದು ಮನೆಮಾತಾದದ್ದು 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ‘ಪ್ರಿಸಿಷನ್ ಬೇಸ್’ ತಂದ ಮೇಲೆ. ಆಳೆತ್ತರದ ಡಬಲ್ ಬೇಸಿಗೆ ಮೆಟ್ಟುಗಳಿಲ್ಲ, ಸ್ವರದ ಜಾಗವನ್ನು ಬೆರಳೇ ಹುಡುಕಿಕೊಳ್ಳಬೇಕು. ಫೆಂಡರ್ ಮೆಟ್ಟು ಕೂರಿಸಿ ಸ್ವರವನ್ನು ಕರಾರುವಾಕ್ಕು ಮಾಡಿದರು, ಹೆಸರೂ ಅದರಿಂದಲೇ ಬಂತು. ಅವರು ಇಟ್ಟ 34 ಅಂಗುಲದ ತಂತಿಯುದ್ದವೇ ಇಂದಿಗೂ ರೂಢಿಯಲ್ಲಿದೆ. ನಾಲ್ಕು ತಂತಿಗಳಲ್ಲಿ ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರು ಇಷ್ಟು ತಗ್ಗಿನ ನಾದವನ್ನು ಹೊರಡಿಸಲಾರದು. ಹಾಡುಗಳನ್ನು ಮೊಬೈಲಿನಲ್ಲೇ ಕೇಳಿ ಬೆಳೆದ ಹುಡುಗರು ಬೇಸನ್ನು ನಿಜವಾಗಿ ಕೇಳಿಯೇ ಇರುವುದಿಲ್ಲ.

ಒಂದು ಕೆಲಸ ಮಾಡಿ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, 1981ರಲ್ಲಿ ಶಂಕರ್‌ನಾಗ್ ತೆಗೆದ ‘ಗೀತಾ’ ಚಿತ್ರದ ‘ಜೊತೆಯಲಿ’ ಹಾಡನ್ನೋ, 1983ರ ‘ಪಲ್ಲವಿ ಅನುಪಲ್ಲವಿ’ಯ ಹಾಡುಗಳನ್ನೋ ಹಾಕಿ. ಸಾಹಿತ್ಯ ಬಿಡಿ, ಪಿಟೀಲು ಬಿಡಿ. ಕೆಳಗೆ ಓಡಾಡುವ ದಪ್ಪ ದನಿಯ ಬೆನ್ನು ಹತ್ತಿ. ಎರಡಕ್ಕೂ ಸಂಗೀತ ಇಳಯರಾಜ ಅವರದು. ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತಾ, ಸಹಾಯಕರಾಗಿ ದುಡಿಯುತ್ತಾ ಕನ್ನಡ ಚಿತ್ರಗಳಲ್ಲೇ ಕೈ ಪಳಗಿಸಿಕೊಂಡವರು ಅವರು. ನಾವು ನಲವತ್ತು ವರ್ಷ ಗುನುಗಿದ ಹಾಡುಗಳ ಕೆಳಗೆ ಇನ್ನೊಂದು ಹಾಡು ಹರಿಯುತ್ತಿತ್ತು ಎಂಬುದು ಆಗ ತಿಳಿಯುತ್ತದೆ.

ತಂಬೂರಿಯ ನಾಡಿನಲ್ಲಿ

ತಗ್ಗಿನ ನಾದಕ್ಕೆ ನಮ್ಮ ಸೀಮೆ ಹೊಸದಲ್ಲ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ಕಡೆ ಹುಟ್ಟಿದವರಿಗೆ ನೀಲಗಾರರ ತಂಬೂರಿಯ ದನಿ ಗೊತ್ತು. ಮಂಟೇಸ್ವಾಮಿ, ಸಿದ್ದಪ್ಪಾಜಿಯವರ ಕಥೆಯನ್ನು ಬೆಳತನಕ ಹಾಡುವವರು ಅವರು. ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಐದು ದಿನದ ಜಾತ್ರೆ ನೆರೆದಾಗ ತಂಬೂರಿ, ಗಗ್ಗರ, ಡಕ್ಕೆ, ತಾಳಗಳ ಸದ್ದಿಲ್ಲದ ಮೂಲೆಯೇ ಇರುವುದಿಲ್ಲ. ಇತ್ತ ಮಾದಪ್ಪನ ಬೆಟ್ಟದ ದೇವರಗುಡ್ಡರದು ಕಂಸಾಳೆ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ಮಲೆಯ ಮಾದೇಶ್ವರ ಕಾವ್ಯ 1973ರಲ್ಲಿ ಪುಸ್ತಕವಾಗಿ ಬಂದಾಗ, ಈ ಹಾಡುಗಾರರ ನೆನಪಿನಲ್ಲಿ ಎಂಥ ಮಹಾಕಾವ್ಯ ಇದೆ ಎಂಬುದು ಓದುವ ಲೋಕಕ್ಕೆ ತಿಳಿಯಿತು.

ಚಿಕ್ಕಂದಿನಲ್ಲಿ ನಾನು ಕಂಡ ತಂಬೂರಿಯವರು ಕಥೆಗೆ ಮುಂಚೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಬಿರಡೆ ತಿರುಗಿಸುವುದು, ಒಂದು ಬೆರಳಲ್ಲಿ ಮೀಟುವುದು, ತಲೆ ವಾಲಿಸಿ ಬುರುಡೆಯ ಹತ್ತಿರ ಕಿವಿ ತರುವುದು, ಮತ್ತೆ ಬಿರಡೆ. ಜನ ಕಾಯುತ್ತಿದ್ದರು. ಶ್ರುತಿ ಕೂಡುವ ತನಕ ಕಥೆ ಇಲ್ಲ. ರಾತ್ರಿಯಿಡೀ ಹಾಡುವ ದನಿಗೆ ಊರಿಕೊಳ್ಳಲು ಒಂದು ನೆಲ ಬೇಕು, ಆ ನೆಲವನ್ನು ಕೊಡುವುದು ತಂಬೂರಿ. ಬೇಸ್ ಗಿಟಾರ್ ಮಾಡುವ ಕೆಲಸವೂ ಇದೇ. ವಾದ್ಯ ಬೇರೆ, ಹುಟ್ಟಿದ ಊರು ಬೇರೆ, ಹೊಣೆ ಒಂದೇ.

‘ಸೆಟಪ್’ ಎಂಬ ಮಾತನ್ನು ಇಂದಿನ ಹುಡುಗರು ಹೊಸ ವಿದ್ಯೆಯಂತೆ ಆಡುತ್ತಾರೆ. ವಾದ್ಯವನ್ನು ಅಣಿ ಮಾಡುವುದಕ್ಕೆ ಬೇಕಾದ ಮಾತುಗಳು ಕನ್ನಡದಲ್ಲಿ ಎಂದಿನಿಂದಲೂ ಇವೆ. ತಂತಿ ಕೂರುವ ಬ್ರಿಡ್ಜ್ ನಮಗೆ ಕುದುರೆ. ತಂತಿ ಬಿಗಿಯುವ ಕೀಲಿ ಬಿರಡೆ. ಕತ್ತು ದಂಡಿ. ಫ್ರೆಟ್ಟು ಮೆಟ್ಟು. ವೀಣೆಯ 24 ಮೆಟ್ಟುಗಳನ್ನು ಮೇಣದಲ್ಲಿ ಕೂರಿಸುವುದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಇವೆಲ್ಲಕ್ಕಿಂತ ಚೆಂದದ ಮಾತು ಜೀವಾಳ. ಸಂಗೀತ ಕಚೇರಿಯ ತಂಬೂರಿಯಲ್ಲಿ ಕುದುರೆಗೂ ತಂತಿಗೂ ನಡುವೆ ತೂರಿಸುವ ಹತ್ತಿಯ ನೂಲೆಳೆಗೆ ಆ ಹೆಸರು.

ಮೈಸೂರಿನಲ್ಲಿ ಕಲಿಯುವಾಗ ಅದನ್ನು ಹತ್ತಿರದಿಂದ ನೋಡಿದ್ದೇನೆ. ನೂಲಿಲ್ಲದೆ ಮೀಟಿದರೆ ತಂತಿ ಠಣ್ ಎಂದು ಸುಮ್ಮನಾಗುತ್ತದೆ. ಎಳೆಯನ್ನು ತಂತಿಯ ಅಡಿಗೆ ಹಾಕಿ, ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ಸರಿಸುತ್ತಾ ಮೀಟುತ್ತಿದ್ದರೆ ಒಂದು ಜಾಗದಲ್ಲಿ ನಾದ ಒಮ್ಮೆಗೇ ಅರಳಿಕೊಳ್ಳುತ್ತದೆ. ಗೂಡಿನ ತುಂಬ ಜೇನು ಎದ್ದಂಥ ಝೇಂಕಾರ ಅದು. ತಂತಿ ಕುದುರೆಯ ಇಳಿಜಾರನ್ನು ಸವರಿ ಸವರಿ ಏಳುವುದರಿಂದ ಹುಟ್ಟುವ ನಾದ.

ಹುಡುಗನಿಗೆ ನಾನು ಮೊದಲು ಹೇಳಿದ್ದು ಇದನ್ನೇ. ತಂತಿ ಸವರುವ ಸದ್ದು ತಂಬೂರಿಗೆ ಪ್ರಾಣ. ಅದೇ ಸದ್ದು ಮೆಟ್ಟು ಇರುವ ಬೇಸಿಗೆ ದೋಷ. ಮೆಟ್ಟು ಇಲ್ಲದ ಬೇಸಿಗೆ ಅದೇ ಮತ್ತೆ ಸೊಗಸು. ಜಾಕೊ ಪಾಸ್ಟೋರಿಯಸ್ ಎಂಬ ಮಹಾನ್ ಕಲಾವಿದ ತನ್ನ 1962ರ ಬೇಸಿನ ಮೆಟ್ಟುಗಳನ್ನು ಕಿತ್ತು, ಸಂದುಗಳನ್ನು ತುಂಬಿ, ದೋಣಿಗೆ ಬಳಿಯುವ ಎಪಾಕ್ಸಿಯನ್ನು ಹಲಗೆಗೆ ಬಳಿದ. 1976ರಲ್ಲಿ ಬಂದ ಅವನ ಮೊದಲ ಆಲ್ಬಮ್ಮಿನಲ್ಲಿ ಬೇಸ್ ಮನುಷ್ಯರ ಕೊರಳಿನಂತೆ ಹಾಡುತ್ತದೆ. ಆದ್ದರಿಂದ ‘ಗರ್ ಎಂದರೆ ಹೀಗೆ ಮಾಡು’ ಎಂದು ಕಣ್ಣು ಮುಚ್ಚಿ ಹೇಳುವ ಸಲಹೆ ಯಾವ ಕಾಲಕ್ಕೂ ಪೂರ್ತಿಯಲ್ಲ. ಯಾವ ವಾದ್ಯ, ಯಾವ ತಂತಿ, ಯಾವ ಮನೆ ಎಂದು ಕೇಳಿ ಆಮೇಲೆ ಮಾತಾಡಬೇಕು.

ಕತ್ತಿನೊಳಗಿನ ಕಂಬಿ

ಈಗ ಆ ನಾಲ್ಕು ಸುತ್ತಿನ ವಿಷಯ. ಬೇಸಿನ ನಾಲ್ಕು ತಂತಿಗಳು ಶ್ರುತಿಗೆ ಬಂದಾಗ ಕತ್ತನ್ನು ಎಳೆಯುವ ಬಲ ಎಲ್ಲ ಸೇರಿ 70ರಿಂದ 80 ಕಿಲೋ. ಒಬ್ಬ ಗಟ್ಟಿಮುಟ್ಟಾದ ಆಳು ಸದಾ ಜೋತುಬಿದ್ದಂತೆ. ಮರ ಆ ಎಳೆತಕ್ಕೆ ಮುಂದಕ್ಕೆ ಬಾಗದಂತೆ ತಡೆಯಲು ಕತ್ತಿನ ಒಳಗೆ ಒಂದು ಉಕ್ಕಿನ ಕಂಬಿ ಇರುತ್ತದೆ. ಅದೇ ಟ್ರಸ್ ರಾಡ್. ಬಿಗಿ ಮಾಡಿದರೆ ಕತ್ತು ಹಿಂದಕ್ಕೆ, ಸಡಿಲ ಮಾಡಿದರೆ ಮುಂದಕ್ಕೆ. ತಂತಿ ಕಂಪಿಸುವಾಗ ನಡುಭಾಗ ಹೆಚ್ಚು ಜಾಗ ಬೇಡುವುದರಿಂದ ಕತ್ತು ತುಸು ಮುಂದಕ್ಕೆ ಬಾಗಿರಲೇಬೇಕು.

ಎಷ್ಟು ತುಸು? ತಂತಿಯನ್ನು ಮೊದಲ ಮೆಟ್ಟಿನಲ್ಲೂ ಕತ್ತು ಒಡಲಿಗೆ ಸೇರುವ ಕಡೆಯ ಮೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳು, ಎಂಟನೆಯ ಮೆಟ್ಟಿನ ಹತ್ತಿರ ತಂತಿಯ ಕೆಳಗೆ ಕಾಣುವ ಸಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಿದ್ದರೆ ಸಾಕು. ನಮ್ಮ ಮನೆಯಲ್ಲಿ ಬಿದ್ದಿದ್ದ ಒಂದು ಲಗ್ನಪತ್ರಿಕೆಯ ಮೂಲೆ ಕತ್ತರಿಸಿ ಅಳತೆಗೆ ಇಟ್ಟುಕೊಂಡೆವು. ರಟ್ಟು ಆ ಸಂದಿನಲ್ಲಿ ಒರಸಿಕೊಂಡು ಹೋಗಬೇಕು, ಸಿಕ್ಕಿಕೊಳ್ಳಬಾರದು, ಕೆಳಗೆ ಬೀಳಲೂಬಾರದು. ಹುಡುಗನ ವಾದ್ಯದಲ್ಲಿ ಸಂದೇ ಇರಲಿಲ್ಲ.

ಈ ಕಂಬಿಯನ್ನು ಅಲೆನ್ ಕೀಯಲ್ಲಿ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮರ ಕೂರಲು ಕೆಲವು ಗಂಟೆ ಬಿಡಬೇಕು. ನಾವು ಸಂಜೆ ಕಾಲು ಸುತ್ತು, ಬೆಳಿಗ್ಗೆ ಕಾಲು ಸುತ್ತು ಎಂದು ಸಡಿಲಿಸುತ್ತಾ ಹೋದೆವು. ಎರಡನೆಯ ದಿನದ ಸಂಜೆಗೆ ರಟ್ಟು ಸಂದಿನೊಳಗೆ ಹಗುರವಾಗಿ ಜಾರಿತು, ಗರ್ ಬಹುಪಾಲು ನಿಂತಿತು. ಕೈ ತಡೆದರೂ ಬಲವಂತ ಮಾಡಿ ತಿರುಗಿಸಿದ್ದರೆ ಕಂಬಿಯ ಮರೆ ಸವೆದು ಅಥವಾ ಮುರಿದು ಆ ಕತ್ತು ಕೆಲಸಕ್ಕೆ ಬಾರದೆ ಹೋಗುತ್ತಿತ್ತು. ನಮ್ಮದು ಮಳೆ ನೆರಳಿನ ಸೀಮೆ, ಮಾರ್ಚಿ ತಿಂಗಳ ಒಣಗಾಳಿಗೂ ಮಳೆಗಾಲದ ತೇವಕ್ಕೂ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ವರ್ಷಕ್ಕೆ ಎರಡು ಸಲ ಈ ರಟ್ಟಿನ ಪರೀಕ್ಷೆ ಮಾಡಿಕೊಂಡರೆ ಸಾಕು.

ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಶ್ರುತಿ, ಆಮೇಲೆ ಕತ್ತು, ಆಮೇಲೆ ಕುದುರೆಯ ಎತ್ತರ, ಕೊನೆಗೆ ಸ್ವರದ ಜಾಗ. ಹನ್ನೆರಡನೆಯ ಮೆಟ್ಟಿನ ಬಳಿ ದಪ್ಪ ತಂತಿಯ ಅಡಿಗೆ ಎರಡರಿಂದ ಎರಡೂವರೆ ಮಿಲಿಮೀಟರ್ ಜಾಗ ಇದ್ದರೆ ಕಲಿಯುವವರಿಗೆ ಹಿತ. ಆ ಮೆಟ್ಟು ತಂತಿಯ ಸರಿ ಅರ್ಧಕ್ಕೆ ಇರುತ್ತದೆ. ಅಲ್ಲಿ ಬೆರಳು ಸೋಕಿಸಿ ಮೀಟಿದ ಸ್ವರವೂ ಒತ್ತಿ ಮೀಟಿದ ಸ್ವರವೂ ಒಂದೇ ಆಗಬೇಕು. ಒತ್ತಿದ್ದು ಏರಿದರೆ ಕುದುರೆಯ ತುಂಡನ್ನು ಹಿಂದಕ್ಕೆ ಸರಿಸಿ, ಇಳಿದರೆ ಮುಂದಕ್ಕೆ ತನ್ನಿ.

ಎಣ್ಣೆ ಮತ್ತು ಬಿಸಿನೀರು

ಕೊಬ್ಬರಿ ಎಣ್ಣೆಯ ಸಲಹೆ ಕೆಟ್ಟದ್ದು. ತಿನ್ನುವ ಎಣ್ಣೆ ಮರದ ರಂಧ್ರಗಳಲ್ಲಿ ಉಳಿದು, ದಿನ ಕಳೆದಂತೆ ಕಮಟು ಹಿಡಿಯುತ್ತದೆ, ಧೂಳು ಕಟ್ಟುತ್ತದೆ, ತಂತಿಗೆ ಅಂಟುತ್ತದೆ. ಒಣಗಿದ ಬೀಟೆಯ ಹಲಗೆಗೆ ವರ್ಷಕ್ಕೊಮ್ಮೆ, ಅದಕ್ಕೆಂದೇ ಸಿಗುವ ಖನಿಜ ಎಣ್ಣೆಯನ್ನು ಎರಡು ಹನಿ ಬಟ್ಟೆಗೆ ಹಾಕಿ ಸವರಿ, ಕೂಡಲೇ ಒರೆಸಿ ತೆಗೆಯಬೇಕು. ಮೆರುಗು ಬಳಿದ ಮೇಪಲ್ ಹಲಗೆಗೆ ಅದೂ ಬೇಡ.

ಬೀಟೆಯ ಹೆಸರು ಬಂತು. ಬಂಡೀಪುರದ ಕಾಡಿನಲ್ಲಿ ತೇಗ, ಹೊನ್ನೆ, ಮತ್ತಿಗಳ ನಡುವೆ ಬೆಳೆಯುವ ಆ ಮರವನ್ನು ಗಿಟಾರ್ ಮಾಡುವವರು ಜಗತ್ತಿನಾದ್ಯಂತ ಭಾರತದ ರೋಸ್‌ವುಡ್ ಎಂದು ಕರೆದು ಬೆರಳು ಹಲಗೆಗೆ ಬಳಸುತ್ತಾರೆ. ಬೀಟೆಯ ಜಾತಿಯ ಮರಗಳೆಲ್ಲ ಬರಿದಾಗುತ್ತಿವೆ ಎಂದು 2017ರ ಜನವರಿಯಿಂದ ಅವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಟ್ಟುಪಾಡು ಬಂತು. 2019ರ ಕೊನೆಗೆ ಮಾಡಿ ಮುಗಿಸಿದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮ ಬೆಟ್ಟಸಾಲಿನಲ್ಲಿ ಬೆಳೆಯುವ ಜಾತಿಯ ಮರ ಹುಡುಗನ ಬೆರಳ ಕೆಳಗೆ ಇರಬಹುದು ಅಂದಾಗ ಅವನು ಹಲಗೆಯನ್ನು ಇನ್ನೊಮ್ಮೆ ಸವರಿ ನೋಡಿದ.

ಇನ್ನೊಂದು ಸಲಹೆ ಕೇಳಿ ನಗದವರಿಲ್ಲ. ‘ತಂತಿ ಹಳತಾಯಿತಾ? ಪಾತ್ರೆಗೆ ಹಾಕಿ ಕುದಿಸು.’ ಇದು ನಿಜ. ಬೇಸಿನ ತಂತಿಯೆಂದರೆ ಒಳಗೊಂದು ಉಕ್ಕಿನ ಎಳೆ, ಅದರ ಸುತ್ತ ಬಿಗಿಯಾಗಿ ಸುತ್ತಿದ ಇನ್ನೊಂದು ಎಳೆ. ಸುತ್ತುಗಳ ನಡುವೆ ಬೆವರು, ಜಿಡ್ಡು, ಚರ್ಮದ ಪುಡಿ ಸೇರಿ ನಾದ ಮಂಕಾಗುತ್ತದೆ. ತಂತಿಗಳನ್ನು ಬಿಚ್ಚಿ ಐದಾರು ನಿಮಿಷ ಕುದಿಯುವ ನೀರಲ್ಲಿ ಇಟ್ಟರೆ ಕೊಳೆ ಬಿಡುತ್ತದೆ, ಹೊಳಪು ಮರಳುತ್ತದೆ. ತಕ್ಷಣ ಒರೆಸಿ ಪೂರ್ತಿ ಒಣಗಿಸಬೇಕು, ಇಲ್ಲವಾದರೆ ತುಕ್ಕು. ಮರಳಿದ ನಾದ ಕೆಲವು ದಿನ ಮಾತ್ರ ನಿಲ್ಲುತ್ತದೆ. ಹೊಸ ತಂತಿಗೆ ದುಡ್ಡಿಲ್ಲದ ದಿನಗಳಲ್ಲಿ ದೊಡ್ಡ ದೊಡ್ಡ ಕಲಾವಿದರೂ ಮಾಡಿದ ಉಪಾಯ ಇದು.

‘ತಂತಿಯನ್ನು ಬದಲಿಸಲೇಬೇಡ’ ಎಂಬ ಸಲಹೆಯ ಹಿಂದೆಯೂ ಒಬ್ಬ ನಿಜವಾದ ಮನುಷ್ಯನಿದ್ದಾನೆ. ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ತಂತಿ ಬದಲಿಸುತ್ತಿದ್ದದ್ದು ತೀರಾ ಅಪರೂಪ. ಕೊಳೆಯಲ್ಲೇ ನಾದವಿದೆ ಎಂದು ಅವರು ನಂಬಿದ್ದರಂತೆ. ಆದರೆ ಅವರ ತಂತಿ ಚಪ್ಪಟೆ ಎಳೆ ಸುತ್ತಿದ್ದು, ನುಣುಪಾದದ್ದು. ಅದರಿಂದ ಅವರಿಗೆ ಬೇಕಿದ್ದದ್ದು ಮಂಕಾದ, ದಪ್ಪವಾದ ದನಿ. ಅದೇ ಮಾತನ್ನು ಉರುಟು ಎಳೆಯ ತಂತಿ ಹಾಕಿಕೊಂಡು ಮಿಂಚುವ ನಾದ ಬಯಸುವವರು ಪಾಲಿಸಿದರೆ ಕೆಟ್ಟ ಸಲಹೆ. ಒಬ್ಬರ ಕೈಯಲ್ಲಿ ನಿಜವಾದದ್ದು ಇನ್ನೊಬ್ಬರ ಕೈಯಲ್ಲಿ ಸುಳ್ಳಾಗುವುದು ಹೀಗೆ.

ಬೆರಳಿನ ಪಾಠ

ಜೇಮರ್‌ಸನ್ ಬಲಗೈಯ ತೋರುಬೆರಳು ಒಂದರಲ್ಲೇ ಮೀಟುತ್ತಿದ್ದರು. ಜೊತೆಗಾರರು ಆ ಬೆರಳಿಗೆ ‘ಕೊಕ್ಕೆ’ ಎಂದು ಹೆಸರಿಟ್ಟಿದ್ದರು. ನಮ್ಮ ತಂಬೂರಿಯವರೂ ಒಂದೇ ಬೆರಳಿನವರು. ಹಾಗಾದರೆ ‘ಒಂದೇ ಬೆರಳು ಸಾಕು’ ಎಂಬ ಮಾತು ತಮಾಷೆಯೋ ಉಪದೇಶವೋ? ಜೇಮರ್‌ಸನ್ ಡಬಲ್ ಬೇಸಿನಲ್ಲಿ ಪಳಗಿ ಬಂದವರು, ಆ ಬೆರಳಿನ ಹಿಂದೆ ವರ್ಷಗಳ ಸಾಧನೆ ಇತ್ತು. ಹೊಸಬರು ತೋರುಬೆರಳು, ನಡುಬೆರಳುಗಳನ್ನು ಒಂದಾದ ಮೇಲೊಂದು ಬಳಸಿ ಎರಡರಲ್ಲೂ ಒಂದೇ ತೂಕದ ಸದ್ದು ಬರುವವರೆಗೆ ನಿಧಾನವಾಗಿ ಅಭ್ಯಾಸ ಮಾಡಬೇಕು. ಹೆಬ್ಬೆರಳು ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನ ಮೇಲೆ ಊರಿರಲಿ, ದಪ್ಪ ತಂತಿ ಬಿಟ್ಟು ಕೆಳಗೆ ಹೋದಾಗ ಅದೇ ಹೆಬ್ಬೆರಳು ದಪ್ಪ ತಂತಿಯ ಮೇಲೆ ಒರಗಿ ಅದನ್ನು ಸುಮ್ಮನಿರಿಸಲಿ. ಬೇಸಿನಲ್ಲಿ ನುಡಿಸುವುದು ಅರ್ಧ ವಿದ್ಯೆ, ನುಡಿಯದ ತಂತಿಯನ್ನು ಸುಮ್ಮನಿರಿಸುವುದು ಉಳಿದರ್ಧ.

ಎಡಗೈ ಬೆರಳು ಮೆಟ್ಟಿನ ಮೇಲಲ್ಲ, ಮೆಟ್ಟಿಗೆ ತಾಗಿದಂತೆ ಅದರ ಹಿಂದೆ ಒತ್ತಬೇಕು. ಅಲ್ಲಿ ಕಡಿಮೆ ಬಲ ಸಾಕು. ಹುಡುಗನ ಗರ್ ಸದ್ದಿನಲ್ಲಿ ಕಾಲು ಭಾಗ ಕತ್ತಿನದಲ್ಲ, ಬೆರಳಿನದು ಎಂದು ಆಮೇಲೆ ತಿಳಿಯಿತು. ಮಣಿಕಟ್ಟು ಮಡಿಚಿರಬಾರದು. ಕೂತಾಗ ವಾದ್ಯ ಎಷ್ಟು ಎತ್ತರದಲ್ಲಿದೆಯೋ ನಿಂತಾಗಲೂ ಅಷ್ಟೇ ಎತ್ತರದಲ್ಲಿ ಇರುವಂತೆ ಪಟ್ಟಿ ಕಟ್ಟಿಕೊಳ್ಳಬೇಕು. ಮೊಣಕಾಲ ತನಕ ಇಳಿಬಿಟ್ಟರೆ ನೋಡಲು ಜೋರು, ಮಣಿಕಟ್ಟಿಗೆ ಶಿಕ್ಷೆ.

‘ರಕ್ತ ಬರುವವರೆಗೆ ನುಡಿಸು, ಆಗಲೇ ಬೇಸಿಸ್ಟ್’ ಎಂಬ ಮಾತೂ ಇದೆ. ಬೆರಳ ತುದಿ ಗಟ್ಟಿಯಾಗುವ ಮುಂಚಿನ ಉರಿ ಸಹಜ. ಮಣಿಕಟ್ಟಿನಲ್ಲಿ, ಮೊಣಕೈಯಲ್ಲಿ ಸೆಳೆತ ಬಂದರೆ ಅದು ಸ್ನಾಯುರಜ್ಜು ಹೇಳುವ ಎಚ್ಚರಿಕೆ, ಆಗ ವಾದ್ಯ ಕೆಳಗಿಡಬೇಕು. ದಿನಕ್ಕೆ ಇಪ್ಪತ್ತು ನಿಮಿಷ, ಬಿಡದೆ, ತಾಳ ಹಾಕುತ್ತಾ ನುಡಿಸಿದವರು ವಾರಕ್ಕೊಮ್ಮೆ ಐದು ಗಂಟೆ ಗುದ್ದಾಡಿದವರಿಗಿಂತ ಮುಂದೆ ಹೋಗುತ್ತಾರೆ.

ಹೊಸ ತಂತ್ರ ಹುಟ್ಟುವುದು ಯಾರನ್ನೋ ಬೆರಗುಗೊಳಿಸಲು ಅಲ್ಲ, ಅಗತ್ಯಕ್ಕೆ. ಲ್ಯಾರಿ ಗ್ರಹಾಂ ತಾಯಿಯ ಜೊತೆ ನುಡಿಸುತ್ತಿದ್ದಾಗ ಅವರ ತಂಡಕ್ಕೆ ಡ್ರಮ್ ನುಡಿಸುವವರು ಇಲ್ಲದಂತಾಯಿತು. ಆ ಪೆಟ್ಟನ್ನು ತುಂಬಲು ಅವರು ಹೆಬ್ಬೆರಳಲ್ಲಿ ತಂತಿಯನ್ನು ಬಡಿದರು, ತೋರುಬೆರಳಲ್ಲಿ ಎಳೆದು ಬಿಟ್ಟರು. ಇಂದು ಸ್ಲ್ಯಾಪ್ ಎಂದು ಜಗತ್ತೆಲ್ಲ ನುಡಿಸುವ ಶೈಲಿ ಬಂದದ್ದು ಹಾಗೆ.

ನಗುವ ವಿಷಯ ಅಲ್ಲದ್ದು

ಈಗ ನಾನು ಈ ಬರಹಕ್ಕೆ ಕೂತ ನಿಜವಾದ ಕಾರಣಕ್ಕೆ ಬರುತ್ತೇನೆ. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ತಿರುಗುವಂಥದು. ಬೇಸಿನ ದಪ್ಪ ತಂತಿಯನ್ನು ಮೂರನೆಯ ಮೆಟ್ಟಿನಲ್ಲಿ ಒತ್ತಿದರೆ ಬರುವ ಸ್ವರ ಸೆಕೆಂಡಿಗೆ 49 ಸಲ ಕಂಪಿಸುವಂಥದು. ಕರೆಂಟಿನ ಗುಂಯ್ ಸದ್ದು ಬೇಸಿನ ಸ್ವರಗಳ ನಡುವೆಯೇ ಬಂದು ಕೂರುತ್ತದೆ. ಹಾಗಾಗಿ ವೇದಿಕೆಯಲ್ಲಿ ಗುಂಯ್ ಸದ್ದು ಬೇಸ್ ನುಡಿಸುವವರನ್ನೇ ಹೆಚ್ಚು ಕಾಡುತ್ತದೆ. ಆಗ ಯಾರೋ ಹೇಳುತ್ತಾರೆ: ‘ಮೂರು ಪಿನ್ನಿನ ಪ್ಲಗ್ಗಿನಲ್ಲಿ ದೊಡ್ಡ ಪಿನ್ನು ಕಿತ್ತು ಹಾಕು, ಸದ್ದು ಹೋಗ್ತದೆ.’

ಸದ್ದು ಹೋಗಲೂಬಹುದು. ಹಾಗಾಗಿಯೇ ಈ ಸಲಹೆ ಇನ್ನೂ ಸತ್ತಿಲ್ಲ. ಆದರೆ ಆ ದೊಡ್ಡ ಪಿನ್ನು ಅರ್ತಿಂಗ್. ಆ್ಯಂಪ್ಲಿಫೈಯರಿನ ಒಳಗೆ ಎಲ್ಲಾದರೂ ವೈರು ಕಿತ್ತು ಲೋಹದ ಪೆಟ್ಟಿಗೆಗೆ ತಾಗಿದರೆ ಕರೆಂಟು ನೆಲಕ್ಕೆ ಇಳಿದು ಫ್ಯೂಸ್ ಹೋಗಲೆಂದು ಇರುವ ದಾರಿ. ಅದನ್ನು ಕಿತ್ತರೆ ಕರೆಂಟಿಗೆ ಉಳಿಯುವ ದಾರಿ ಒಂದೇ: ಬೇಸಿನ ತಂತಿ, ತಂತಿ ಹಿಡಿದ ಕೈ, ಮೈಕಿಗೆ ತಾಗಿದ ತುಟಿ. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸೀ ಊರಿನ ವೇದಿಕೆಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ತಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ, ಕೇಳಲು ಬಂದ ಜನರ ಎದುರೇ ಸತ್ತರು.

ನಮ್ಮ ಊರುಗಳ ವೇದಿಕೆ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಮಳೆಗಾಲದ ಗಣೇಶನ ಹಬ್ಬ, ನೆನೆದ ಹಲಗೆ, ಬರಿಗಾಲು, ಕಂಬದಿಂದ ಎಳೆದ ವೈರು, ಹಿಂದೆ ಗುಡುಗುವ ಜನರೇಟರು. ಗುಂಯ್ ಸದ್ದಿಗೆ ಸರಿಯಾದ ಮದ್ದುಗಳಿವೆ. ವೇದಿಕೆಯ ವಾದ್ಯಗಳಿಗೆಲ್ಲ ಒಂದೇ ಬೋರ್ಡಿನಿಂದ ಕರೆಂಟು ಕೊಡಿ. ಬಣ್ಣದ ದೀಪಗಳಿಗೆ ಬೇರೆ ವೈರು ಎಳೆಯಿರಿ. ವಾದ್ಯದ ಕೇಬಲ್ ಒಳ್ಳೆಯದಿರಲಿ, ಪವರ್ ವೈರಿನ ಜೊತೆ ಸುತ್ತಿಕೊಂಡಿರದಿರಲಿ. ವಾದ್ಯದ ನಾದವನ್ನು ಮಿಕ್ಸರಿಗೆ ಒಯ್ಯುವ ಡಿಐ ಬಾಕ್ಸಿನಲ್ಲಿರುವ ಗ್ರೌಂಡ್ ಲಿಫ್ಟ್ ಗುಂಡಿ ಬಳಸಿ, ಅದು ನಾದದ ವೈರಿನ ನೆಲವನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ತಿಂಗನ್ನು ಮುಟ್ಟುವುದಿಲ್ಲ. ಕರೆಂಟು ಸೋರಿದ ಕೂಡಲೇ ಅದನ್ನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಇದಾವುದೂ ಒಂದು ಪೆಂಡಾಲಿನ ಖರ್ಚಿನ ಮುಂದೆ ದೊಡ್ಡದಲ್ಲ.

ಸಲಹೆಗೆ ಮೂರು ಪ್ರಶ್ನೆ

ಹೊರಡುವ ದಿನ ಹುಡುಗನಿಗೆ ಮೂರು ಪ್ರಶ್ನೆ ಕಲಿಸಿ ಬಂದೆ. ಯಾರೇ ಏನೇ ಹೇಳಲಿ, ಮಾಡುವ ಮುಂಚೆ ಕೇಳಿಕೊಳ್ಳಬೇಕಾದವು. ಮಾಡಿದ್ದನ್ನು ವಾಪಸ್ ಮಾಡಲು ಆಗುತ್ತದೆಯೇ? ಕುದುರೆಯ ಸ್ಕ್ರೂ ತಿರುಗಿಸಿದರೆ ಮತ್ತೆ ತಿರುಗಿಸಬಹುದು, ಮೆಟ್ಟನ್ನು ಅರದಿಂದ ಉಜ್ಜಿದರೆ ಹೋದ ಲೋಹ ಬರುವುದಿಲ್ಲ. ಮಾಡಿದ ಮೇಲೆ ಆದ ಬದಲಾವಣೆ ನನ್ನ ಕಿವಿಗೆ ಕೇಳಿಸುತ್ತದೆಯೇ? ಕೇಳಿಸದ ಬದಲಾವಣೆಗೆ ಬೆವರು ಸುರಿಸಬೇಕಾಗಿಲ್ಲ. ಹೇಳಿದವರು ತಮ್ಮ ವಾದ್ಯಕ್ಕೆ ಇದನ್ನೇ ಮಾಡುತ್ತಾರೆಯೇ? ಈ ಮೂರನೆಯದನ್ನು ಬಾಯಿ ಬಿಟ್ಟು ಕೇಳಿದರೆ ತಮಾಷೆ ಮಾಡುತ್ತಿರುವವರು ಅಲ್ಲೇ ನಕ್ಕುಬಿಡುತ್ತಾರೆ.

ತಮಾಷೆಯ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿಯೆಲ್ಲ ನುಡಿಸುವವರಿಗೆ ನಗು ಬೇಕು, ಅದು ತಂಡವನ್ನು ಕೂಡಿಸುತ್ತದೆ. ಆದರೆ ತಂಬೂರಿ ಕಲಿಯುವ ಹುಡುಗ ಹಿರಿಯರ ಪಕ್ಕದಲ್ಲಿ ಕೂರುತ್ತಾನೆ. ಅವರ ನಗುವನ್ನೂ ಕಾಣುತ್ತಾನೆ, ಕೈಯನ್ನೂ ಕಾಣುತ್ತಾನೆ. ಮಾತು ಸುಳ್ಳಾದರೆ ಕೈ ನಿಜ ಹೇಳುತ್ತದೆ. ಇಂದು ಬೇಸ್ ಕಲಿಯುವ ಹಳ್ಳಿಯ ಹುಡುಗ ಒಬ್ಬನೇ ಕೂತು ಕಲಿಯುತ್ತಾನೆ. ಅವನಿಗೆ ಸಿಗುವುದು ಮಾತು ಮಾತ್ರ. ಆ ಮಾತಿನಲ್ಲಿ ನಗು ಎಲ್ಲಿ ಮುಗಿಯಿತು, ಪಾಠ ಎಲ್ಲಿ ಶುರುವಾಯಿತು ಎಂದು ಅವನಿಗೆ ತಿಳಿಯುವುದಿಲ್ಲ.

ನುಡಿಸುವುದು ಬಲ್ಲವರಲ್ಲಿ ನನ್ನ ಬೇಡಿಕೆ ಇಷ್ಟೇ: ಹೊಸಬರನ್ನು ನಗಿಸಿ, ನಕ್ಕ ಮೇಲೆ ನಿಜ ಹೇಳಿ. ಊರಿನ ಗಣೇಶೋತ್ಸವ ಸಮಿತಿಯವರಲ್ಲಿ ಇನ್ನೊಂದು: ಈ ಸಲ ರಸಮಂಜರಿಗೆ ಮುಂಗಡ ಕೊಡುವ ದಿನವೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ವೇದಿಕೆಯ ಅರ್ತಿಂಗ್ ನೋಡಿಸಿ.